ಸಣ್ಣ ಬೆಲೆಬಾಳುವ ವಸ್ತುವನ್ನು ಅಂಚೆಯಲ್ಲಿ ಕಳಿಸುವುದು: ಟ್ರ್ಯಾಕಿಂಗ್ ಮತ್ತು ವಿಮೆ ಆರಿಸುವ ಸಮಗ್ರ ಮಾರ್ಗದರ್ಶಿ

"ಟ್ರ್ಯಾಕಿಂಗ್ ನಂಬರ್ ಇತ್ತಲ್ಲ, ಆದರೂ ಯಾಕೆ ದುಡ್ಡು ಕೊಡಲಿಲ್ಲ?" ಉಂಗುರ, ಕೈಗಡಿಯಾರ, ಹಳೆಯ ನಾಣ್ಯ, ಬಿಡಿ ಹರಳು ಕಳಿಸಿ ಕಳೆದುಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಅವರು ಮಾಡಿದ್ದನ್ನು ವಿಚಾರಿಸಿದರೆ ಕಥೆಯೂ ಹೆಚ್ಚುಕಡಿಮೆ ಒಂದೇ. ಮೊದಲು ಡಬ್ಬಿಗೆ ಟೇಪ್ ಸುತ್ತಿರುತ್ತಾರೆ, ಆಮೇಲೆ ಕೌಂಟರ್‌ಗೆ ಹೋಗಿರುತ್ತಾರೆ, ರಸೀದಿ ಬರೆಯುವ ಹೊತ್ತಿಗೆ "ಇನ್ಶೂರೆನ್ಸ್ ಉಂಟಾ?" ಎಂದು ಕೇಳಿರುತ್ತಾರೆ. ಇಡೀ ಕ್ರಮವೇ ತಲೆಕೆಳಗು. ಪರಿಹಾರ ಕೇಳುವ ಅರ್ಜಿಗೆ ಬೇಕಾದ ಅರ್ಧಕ್ಕಿಂತ ಹೆಚ್ಚು ಸಾಮಗ್ರಿ ಟೇಪ್ ಹಚ್ಚುವ ಮೊದಲೇ ಸಿದ್ಧವಾಗಿರಬೇಕು. ಡಬ್ಬಿ ಕೈಬಿಟ್ಟ ಮೇಲೆ ಅದನ್ನು ಸೃಷ್ಟಿಸಲು ಆಗುವುದಿಲ್ಲ.

ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಪ್ಯಾಕಿಂಗ್ ಏಳನೆಯ ಹಂತದಲ್ಲಿ ಬರುತ್ತದೆ. ಅಷ್ಟು ತಡ ಯಾಕೆ ಎಂಬುದು ಅಲ್ಲಿಗೆ ಬರುವಷ್ಟರಲ್ಲಿ ತಿಳಿಯುತ್ತದೆ.

## ಬೇಕಾದ ಸಾಮಾನು

ಗ್ರಾಂ ಲೆಕ್ಕದಲ್ಲಿ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ. ಫೋನ್ ಕ್ಯಾಮೆರಾ. ವಸ್ತುವಿನ ಬಿಲ್ಲು ಅಥವಾ ಮೌಲ್ಯಮಾಪನ ಪತ್ರ. ಒಂದರೊಳಗೊಂದು ಕೂರುವ ಎರಡು ರಟ್ಟಿನ ಡಬ್ಬಿ, ಒಳಗೆ ತುಂಬಲು ಕಾಗದ ಅಥವಾ ಗುಳ್ಳೆ ಪ್ಲಾಸ್ಟಿಕ್. ನೀರು ಸವರಿದರೆ ಅಂಟುವ ಕಾಗದದ ಟೇಪ್ ಸಿಕ್ಕರೆ ಅದನ್ನೇ ತನ್ನಿ. ಕಿತ್ತರೆ ರಟ್ಟಿನ ಮೇಲ್ಪದರವೂ ಜೊತೆಗೇ ಕಿತ್ತುಬರುವುದರಿಂದ ಬಿಚ್ಚಿದ್ದು ಮುಚ್ಚಿಡಲಾಗದು. ಅಳಿಸಲಾಗದ ಶಾಯಿಯ ಪೆನ್ನು. ಪೆನ್ಸಿಲ್ ಹತ್ತಿರಕ್ಕೂ ತರಬೇಡಿ.

## ಹಂತ 1: ಮೂರು ಸೇವೆಗಳನ್ನು ಬೇರೆ ಬೇರೆಯಾಗಿ ನೋಡಿ

ಟ್ರ್ಯಾಕಿಂಗ್ ಎಂದರೆ ಮಾಹಿತಿ. ಬಾರ್‌ಕೋಡ್ ಎಲ್ಲೆಲ್ಲಿ, ಯಾವಾಗ ಸ್ಕ್ಯಾನ್ ಆಯಿತು ಎಂಬ ಪಟ್ಟಿ, ಅಷ್ಟೆ. ಡಬ್ಬಿ ಕಾಣೆಯಾದರೆ ಕೊನೆಯ ಬಾರಿ ಎಲ್ಲಿ ಕಂಡಿತ್ತು ಎಂದು ಹೇಳುತ್ತದೆ. ಅದರಾಚೆಗೆ ಒಂದು ಕಾಸೂ ಕೊಡಿಸುವುದಿಲ್ಲ.

ರಿಜಿಸ್ಟರ್ಡ್ ಎಂದರೆ ಹೊಣೆ. ಕಳಿಸುವಾಗ ರಸೀದಿ, ದಾರಿಯಲ್ಲಿ ದಾಖಲೆ, ಮುಟ್ಟಿಸುವಾಗ ಸಹಿ. ಕಳೆದರೆ ಪರಿಹಾರವೂ ಉಂಟು, ಆದರೆ ಆ ಮೊತ್ತಕ್ಕೂ ನಿಮ್ಮ ವಸ್ತುವಿನ ಬೆಲೆಗೂ ಸಂಬಂಧವಿಲ್ಲ. ವಿಶ್ವ ಅಂಚೆ ಒಕ್ಕೂಟದ ನಿಯಮಗಳಲ್ಲಿ ದೇಶದಿಂದ ದೇಶಕ್ಕೆ ಹೋಗುವ ರಿಜಿಸ್ಟರ್ಡ್ ಪತ್ರಕ್ಕೆ ಇಟ್ಟಿರುವುದು 30 ಎಸ್‌ಡಿಆರ್. ಎಸ್‌ಡಿಆರ್ ಎನ್ನುವುದು ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ. ಡಾಲರ್, ಯೂರೊ, ಯುವಾನ್, ಯೆನ್, ಪೌಂಡ್ ಐದನ್ನೂ ಸೇರಿಸಿ ಅದರ ಬೆಲೆ ಕಟ್ಟುತ್ತಾರೆ. ಒಳಗೆ ಕಾಗದವಿದ್ದರೂ ಅದೇ 30, ವಜ್ರದ ಉಂಗುರವಿದ್ದರೂ ಅದೇ 30.

ವಿಮೆ ಎಂದರೆ ಹಣ. ನೀವು ಘೋಷಿಸಿದ ಮಿತಿಯೊಳಗೆ, ನೀವು ಸಾಬೀತು ಮಾಡಿದಷ್ಟು ಮಾತ್ರ. "ಸಾಬೀತು ಮಾಡಿದಷ್ಟು" ಎನ್ನುವ ಕಡೆ ಇನ್ನೊಮ್ಮೆ ಕಣ್ಣಾಡಿಸಿ, ಏಕೆಂದರೆ ತಿರಸ್ಕೃತವಾಗುವ ಅರ್ಜಿಗಳು ಮುಗ್ಗರಿಸುವ ಜಾಗ ಅದೇ.

## ಹಂತ 2: ಬೆಲೆಯನ್ನು ಕಾಗದದ ಮೇಲೆ ತನ್ನಿ

ವಸ್ತು ನಿಮಗೆಷ್ಟು ಮುಖ್ಯ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಅಂಥದ್ದೇ ಇನ್ನೊಂದನ್ನು ಇವತ್ತು ಕೊಳ್ಳಲು ಎಷ್ಟಾಗುತ್ತದೆ, ಅದಕ್ಕೆ ಆಧಾರ ಏನು ಎಂಬ ಎರಡೇ ಪ್ರಶ್ನೆ. ಖರೀದಿ ಬಿಲ್ಲಿದ್ದರೆ ಸಾಕು. ಬಿಲ್ಲು ಹಳೆಯದಾಗಿ ಬೆಲೆ ಏರಿದ್ದರೆ ಹೊಸ ಮೌಲ್ಯಮಾಪನ ಪತ್ರ ಮಾಡಿಸಿ. ನಾಣ್ಯ, ಅಂಚೆಚೀಟಿಯಂಥ ಸಂಗ್ರಹದ ವಸ್ತುವಾದರೆ ಮಾರಾಟಗಾರರು ಕೇಳುವ ದರಕ್ಕಿಂತ ಅಂಥದ್ದು ನಿಜವಾಗಿ ಮಾರಾಟವಾದ ದರದ ದಾಖಲೆಗೆ ತೂಕ ಹೆಚ್ಚು.

ಆಮೇಲೆ ಫೋಟೊ. ಉಂಗುರವಾದರೆ ಒಳಮೈಯ ಮುದ್ರೆ, ಹರಳಿನ ಹಿಡಿಕೆ, ಇರುವ ಗೀರು. ಗಡಿಯಾರವಾದರೆ ಹಿಂಬದಿಯ ಕ್ರಮಸಂಖ್ಯೆ, ಮುಳ್ಳು ಓಡುತ್ತಿರುವ ಹತ್ತು ಸೆಕೆಂಡಿನ ವಿಡಿಯೊ. ನಾಣ್ಯವಾದರೆ ಎರಡೂ ಮುಖ ಮತ್ತು ಅಂಚು. ತಕ್ಕಡಿಯ ಮೇಲಿಟ್ಟು ತೂಕದ ಅಂಕಿ ಕಾಣುವಂತೆ ಇನ್ನೊಂದು ಫೋಟೊ ತೆಗೆಯಿರಿ. ಮೊದಲೇ ಇದ್ದ ಗೀರನ್ನು ಮರೆಮಾಚಬೇಡಿ. ಹಳೆಯ ಗೀರು ದಾಖಲಾಗಿದ್ದರೆ ತಾನೇ ಹೊಸದು ಹೊಸದೆಂದು ತೋರಿಸಲಾಗುವುದು.

ಎಚ್ಚರದ ಗುರುತು: "ಬೆಲೆ ಸುಮಾರು ಇಷ್ಟಿರಬಹುದು" ಎಂದು ಅಂದಾಜಿನಲ್ಲೇ ಇದ್ದೀರಾದರೆ ಮುಂದಿನ ಹಂತಕ್ಕೆ ಹೋಗಬೇಡಿ.

## ಹಂತ 3: ಆ ವಸ್ತುವನ್ನು ಕಳಿಸಲು ಅನುಮತಿ ಇದೆಯೇ ನೋಡಿ

ನಾಣ್ಯ, ನೋಟು, ಚಿನ್ನ ಬೆಳ್ಳಿ ಪ್ಲಾಟಿನಂ (ಸಂಸ್ಕರಿಸಿದ್ದಾಗಲಿ, ಅಲ್ಲದ್ದಾಗಲಿ), ಅಮೂಲ್ಯ ಹರಳು, ಆಭರಣ ಇವನ್ನು ಸಾದಾ ಪತ್ರದಲ್ಲಿಟ್ಟು ಕಳಿಸುವಂತಿಲ್ಲ ಎಂಬುದು ಅಂತಾರಾಷ್ಟ್ರೀಯ ಅಂಚೆಯ ಮೂಲ ನಿಯಮ. ವಿಮೆ ಮಾಡಿದ ಟಪಾಲಿನಲ್ಲಿ ಹೋಗಬೇಕು. ಕೆಲವು ದೇಶಗಳಲ್ಲಿ ಅಲ್ಲಿನ ಕಾನೂನು ಒಪ್ಪಿದರೆ ಮುಚ್ಚಿದ ರಿಜಿಸ್ಟರ್ಡ್ ಲಕೋಟೆಯೂ ನಡೆಯುತ್ತದೆ. ಇದರ ಮೇಲೆ ಪ್ರತಿ ದೇಶಕ್ಕೂ ತನ್ನದೇ ನಿಷೇಧಗಳಿವೆ. ಕಳಿಸುವ ದೇಶ ಒಪ್ಪಿದರೆ ಸಾಲದು, ತಲುಪುವ ದೇಶದ ಪಟ್ಟಿಯನ್ನೂ ನೋಡಿ.

ಖಾಸಗಿ ಕೊರಿಯರ್‌ಗಳ ಷರತ್ತುಗಳಲ್ಲಿ ಆಭರಣ, ನಗದು, ಬಿಡಿ ಹರಳನ್ನು ನಿಷೇಧಿತ ಪಟ್ಟಿಯಲ್ಲಿ ಇಟ್ಟಿರುವುದು ಬಹಳ ಸಾಮಾನ್ಯ. ಆದರೂ ಕೌಂಟರಿನಲ್ಲಿ ಡಬ್ಬಿ ತೆಗೆದುಕೊಳ್ಳುತ್ತಾರೆ, ಯಾಕೆಂದರೆ ಒಳಗೇನಿದೆ ಎಂದು ಅವರು ತೆರೆದು ನೋಡುವುದಿಲ್ಲ. ಕಳೆದಾಗ ಆ ಪಟ್ಟಿ ಹೊರಗೆ ಬರುತ್ತದೆ.

ದಂತ, ಆಮೆಚಿಪ್ಪು, ಕೆಲವು ಬಗೆಯ ಹವಳವಿದ್ದರೆ ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದ ಅಡ್ಡ ಬರುತ್ತದೆ, ಕಚ್ಚಾ ವಜ್ರಕ್ಕೆ ಅದು ಯುದ್ಧಕ್ಕೆ ಹಣ ಒದಗಿಸಿದ ವಜ್ರವಲ್ಲ ಎಂದು ತೋರಿಸುವ ಕಿಂಬರ್ಲಿ ಪ್ರಮಾಣಪತ್ರ ಬೇಕು, ಪುರಾತನ ವಸ್ತುವಿಗೆ ರಫ್ತಿನ ಅನುಮತಿ ಬೇಕಾಗಬಹುದು. ಸ್ಮಾರ್ಟ್ ವಾಚ್‌ಗಳಲ್ಲಿರುವ ಲಿಥಿಯಂ ಬ್ಯಾಟರಿಗೆ ಪ್ರತ್ಯೇಕ ನಿಯಮಗಳಿವೆ. ಕಸ್ಟಮ್ಸ್‌ನವರು ಜಪ್ತಿ ಮಾಡಿದ ವಸ್ತುವಿಗೆ ಅಂಚೆ ಇಲಾಖೆ ಹೊಣೆಯಲ್ಲ. ವಿಮೆ ಕಂಪನಿಗಳೂ ಸಾಮಾನ್ಯವಾಗಿ ಕೈತೊಳೆದುಕೊಳ್ಳುತ್ತವೆ.

## ಹಂತ 4: ವಿಮೆ ಆರಿಸಿ

ಟ್ರ್ಯಾಕಿಂಗ್‌ಗಿಂತ ಮೊದಲು ವಿಮೆಯನ್ನೇ ಆರಿಸಬೇಕು. ವಿಮೆಯ ಷರತ್ತುಗಳೇ ಯಾವ ಟ್ರ್ಯಾಕಿಂಗ್, ಯಾವ ಸಹಿ, ಎಂಥ ಪ್ಯಾಕಿಂಗ್ ಬೇಕೆಂದು ಹೇಳುತ್ತವೆ. ದಾರಿಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು ಅಂಚೆಯದೇ ವಿಮಾ ಸೇವೆ. ಬೆಲೆ ಘೋಷಿಸುತ್ತೀರಿ, ಅದಕ್ಕೆ ತಕ್ಕ ಶುಲ್ಕ ಕಟ್ಟುತ್ತೀರಿ, ಟಪಾಲು ಸಾದಾ ಚೀಲಗಳಿಂದ ಬೇರೆಯಾಗಿ ಸಾಗುತ್ತದೆ. ಗರಿಷ್ಠ ಮಿತಿ ದೇಶದಿಂದ ದೇಶಕ್ಕೆ ಬೇರೆ. ಎಷ್ಟೋ ಸಲ ಕಳಿಸುವ ಕಡೆಗಿಂತ ತಲುಪುವ ಕಡೆಯ ಮಿತಿ ಕಡಿಮೆ ಇರುತ್ತದೆ, ಆಗ ನಡೆಯುವುದು ಕಡಿಮೆ ಮಿತಿಯೇ.

ಎರಡನೆಯದು ಕೊರಿಯರ್‌ನ "ಘೋಷಿತ ಮೌಲ್ಯ". ಇದನ್ನು ವಿಮೆ ಎಂದುಕೊಳ್ಳುವವರೇ ಹೆಚ್ಚು. ಬಹುಪಾಲು ಷರತ್ತುಗಳಲ್ಲಿ ಅದು ಕಂಪನಿ ತನ್ನ ಹೊಣೆಯ ಮಿತಿಯನ್ನು ಏರಿಸಿಕೊಳ್ಳುವುದು ಮಾತ್ರ. ಕಂಪನಿಯ ತಪ್ಪಿಲ್ಲದ ನಷ್ಟ, ಹೊರಗಿಟ್ಟ ವಸ್ತುಗಳು ಅದರಲ್ಲಿ ಸೇರುವುದಿಲ್ಲ. ಏನನ್ನೂ ಘೋಷಿಸದೆ ಕಳಿಸಿದರೆ ತೂಕದ ಲೆಕ್ಕಕ್ಕೆ ಬೀಳುತ್ತೀರಿ. ದೇಶದಿಂದ ದೇಶಕ್ಕೆ ವಿಮಾನದಲ್ಲಿ ಹೋಗುವ ಸರಕಿಗೆ 1999ರ ಮಾಂಟ್ರಿಯಲ್ ಒಪ್ಪಂದದ ಮಿತಿ 2024ರ ಡಿಸೆಂಬರ್ 28ರಿಂದ ಕಿಲೋಗೆ 26 ಎಸ್‌ಡಿಆರ್. ನಿಮ್ಮ ಉಂಗುರದ ಪೊಟ್ಟಣ 50 ಗ್ರಾಂ ಇದೆ ಎನ್ನಿ. 26ರ ಇಪ್ಪತ್ತನೆಯ ಒಂದು ಭಾಗ, ಅಂದರೆ 1.3 ಎಸ್‌ಡಿಆರ್. ಉಂಗುರದ ಬೆಲೆಯ ಮುಂದೆ ಇದು ಏನೇನೂ ಅಲ್ಲ. ಕಬ್ಬಿಣದ ಯಂತ್ರ ಕಳಿಸುವವನಿಗೆ ಈ ಲೆಕ್ಕ ಅಷ್ಟೇನೂ ಅನ್ಯಾಯವಲ್ಲ. ಹಗುರವಾಗಿದ್ದು ಬೆಲೆ ಮಾತ್ರ ಭಾರಿಯಾದ ವಸ್ತುವಿಗೆ ಇದಕ್ಕಿಂತ ಕೆಟ್ಟ ಲೆಕ್ಕ ಇನ್ನೊಂದಿಲ್ಲ. ಅಂಚೆ ಟಪಾಲಿಗೆ ಈ ಒಪ್ಪಂದ ಅನ್ವಯಿಸುವುದಿಲ್ಲ, ಅದಕ್ಕೆ ಅಂಚೆಯ ನಿಯಮಗಳೇ.

ಮೂರನೆಯದು ಸಾಗಣೆಗೆಂದೇ ಹೊರಗಿನ ವಿಮಾ ಕಂಪನಿಯಿಂದ ತೆಗೆದುಕೊಳ್ಳುವ ಪಾಲಿಸಿ. ಆಗಾಗ ಕಳಿಸುವವರಿಗೆ ಇದು ಅಗ್ಗ, ಮಿತಿಯೂ ದೊಡ್ಡದು. ಷರತ್ತುಗಳು ಮಾತ್ರ ಬಿಗಿ. ನಾಲ್ಕನೆಯದು ಈಗಾಗಲೇ ನಿಮ್ಮ ಬಳಿ ಇರಬಹುದಾದ ಮನೆವಸ್ತುಗಳ ವಿಮೆ. ಮನೆಯಿಂದ ಹೊರಗಿನ ನಷ್ಟ ಸೇರಿದೆ ಎಂದಿದ್ದರೂ "ಅಂಚೆಯಲ್ಲಿ ಕಳಿಸಿದ್ದು" ಸೇರಿದೆಯೇ ಎಂದು ಲಿಖಿತವಾಗಿ ಕೇಳಿ. ಫೋನಿನಲ್ಲಿ ಬಂದ "ಹೌದು" ಅರ್ಜಿಯ ಹೊತ್ತಿಗೆ ಉಳಿದಿರುವುದಿಲ್ಲ.

ಯಾವುದನ್ನೇ ಆರಿಸಿದರೂ ದುಡ್ಡು ಕಟ್ಟುವ ಮೊದಲು ಷರತ್ತುಗಳಲ್ಲಿ ಇವಿಷ್ಟನ್ನು ಹುಡುಕಿ:

1. ಹೊರಗಿಟ್ಟ ವಸ್ತುಗಳ ಪಟ್ಟಿಯಲ್ಲಿ ನಿಮ್ಮದಿದೆಯೇ? "ಆಭರಣ ಸೇರಿದೆ, ಬಿಡಿ ಹರಳು ಸೇರಿಲ್ಲ" ಎಂಬಂಥ ಸೂಕ್ಷ್ಮಗಳಿರುತ್ತವೆ.
2. ಒಂದು ಪೊಟ್ಟಣಕ್ಕೆ ಗರಿಷ್ಠ ಎಷ್ಟು? ನಷ್ಟದಲ್ಲಿ ಮೊದಲ ಎಷ್ಟು ಭಾಗ ನಿಮ್ಮದೇ?
3. ಸಹಿ ಕಡ್ಡಾಯವೇ? ಎಷ್ಟು ಬೆಲೆಯ ಮೇಲೆ?
4. ಜೋಡಿ ವಸ್ತುವಿನಲ್ಲಿ ಒಂದು ಕಳೆದರೆ ಏನು? ಒಂದು ಓಲೆ ಹೋದರೆ ಅನೇಕ ಪಾಲಿಸಿಗಳು ಅದೊಂದರ ಬೆಲೆ ಮಾತ್ರ ಕೊಡುತ್ತವೆ, ಉಳಿದ ಒಂಟಿ ಓಲೆ ನಿಮ್ಮ ಪಾಲಿಗೆ.
5. ದೂರು ಕೊಡಲು ಎಷ್ಟು ದಿನ?

ಕಡಿಮೆ ಬೆಲೆಗೆ ವಿಮೆ ಮಾಡಿಸಿ ಶುಲ್ಕ ಉಳಿಸುವ ಯೋಚನೆ ಬಂದರೆ ಸರಾಸರಿ ಷರತ್ತು ಎಂಬುದೊಂದನ್ನು ತಿಳಿದಿರಿ. ವಸ್ತುವಿನ ನಿಜ ಬೆಲೆ 100, ವಿಮೆ 50ಕ್ಕೆ, ಆದ ಹಾನಿ 40 ಎಂದುಕೊಳ್ಳಿ. 50ರ ಮಿತಿಯೊಳಗೇ ಇದೆಯಲ್ಲ, ಪೂರ್ತಿ 40 ಸಿಗುತ್ತದೆ ಎಂದು ಜನ ಅಂದುಕೊಳ್ಳುತ್ತಾರೆ. ಈ ಷರತ್ತಿದ್ದರೆ ಸಿಗುವುದು 20. ಅರ್ಧ ಬೆಲೆಗೆ ವಿಮೆ ಮಾಡಿಸಿದ್ದಕ್ಕೆ ಅರ್ಧ ಹಾನಿ. ಹೆಚ್ಚು ಬೆಲೆ ಬರೆಸಿದರೂ ಲಾಭವಿಲ್ಲ, ಪರಿಹಾರ ನಿಜ ಬೆಲೆಯನ್ನು ದಾಟುವುದಿಲ್ಲ. ಬೇಕೆಂದೇ ಏರಿಸಿ ಬರೆದರೆ ಅದು ವಂಚನೆ.

ಇನ್ನು ತೀರ್ಮಾನ. ಕಳೆದರೆ ಒಂದು ದಿನ ಬೇಸರಪಟ್ಟು ಮರೆಯಬಹುದಾದ ವಸ್ತುವಿಗೆ ಟ್ರ್ಯಾಕಿಂಗ್ ಮತ್ತು ಸಹಿ ಸಾಕು, ವಿಮೆಯ ಶುಲ್ಕ ದಂಡ. ಅದಕ್ಕಿಂತ ಮೇಲಿನದಕ್ಕೆಲ್ಲ ಪೂರ್ತಿ ಬೆಲೆಯ ವಿಮೆ. ಸಿಗುವ ಅತಿ ದೊಡ್ಡ ಮಿತಿಗಿಂತಲೂ ಬೆಲೆ ಹೆಚ್ಚಿದ್ದರೆ, ಮತ್ತು ವಸ್ತುಗಳು ಒಂದಕ್ಕಿಂತ ಹೆಚ್ಚಿದ್ದರೆ, ಬೇರೆ ಬೇರೆ ಪೊಟ್ಟಣ ಮಾಡಿ ಬೇರೆ ಬೇರೆ ದಿನ ಕಳಿಸಿ. ಹಿರಿಯರ ಉಂಗುರದಂಥ, ಇನ್ನೊಂದು ಕೊಂಡರೂ ಆ ಜಾಗ ತುಂಬದ ವಸ್ತುವಿಗೆ ಯಾವ ವಿಮೆಯೂ ಉಪಯೋಗವಿಲ್ಲ. ನನ್ನನ್ನು ಕೇಳಿದರೆ ಅದನ್ನು ಅಂಚೆಗೆ ಹಾಕಲೇಬೇಡಿ, ಹೋಗಿಬರುವ ನಂಬಿಕಸ್ಥರ ಕೈಯಲ್ಲಿ ಕೊಡಿ.

## ಹಂತ 5: ಟ್ರ್ಯಾಕಿಂಗ್ ಮಟ್ಟ ಆರಿಸಿ, ನಂಬರ್ ಓದಲು ಕಲಿಯಿರಿ

ಟ್ರ್ಯಾಕಿಂಗ್‌ನಲ್ಲಿ ಎರಡು ದರ್ಜೆ. ಕೆಲವು ಸೇವೆಗಳು ಹೊರಟಿದ್ದು ಮತ್ತು ತಲುಪಿದ್ದನ್ನು ಮಾತ್ರ ತೋರಿಸುತ್ತವೆ. ಇನ್ನು ಕೆಲವು ನಡುವಿನ ಪ್ರತಿ ವಿಂಗಡಣೆ ಕೇಂದ್ರವನ್ನೂ ತೋರಿಸುತ್ತವೆ. ಬೆಲೆಬಾಳುವ ವಸ್ತುವಿಗೆ ಎರಡನೆಯದೇ ಬೇಕು. ಕಳೆದ ಡಬ್ಬಿಯನ್ನು ಎಲ್ಲಿ ಹುಡುಕಬೇಕೆಂಬ ಸುಳಿವು ನಡುವಿನ ಸ್ಕ್ಯಾನುಗಳಲ್ಲಿ ಮಾತ್ರ ಇರುತ್ತದೆ.

ದೇಶದಿಂದ ದೇಶಕ್ಕೆ ಹೋಗುವ ಅಂಚೆ ನಂಬರಿನಲ್ಲಿ ಹದಿಮೂರು ಅಕ್ಷರಗಳು: ಎರಡು ಇಂಗ್ಲಿಷ್ ಅಕ್ಷರ, ಎಂಟು ಅಂಕಿ, ಒಂದು ತಪಾಸಣಾ ಅಂಕಿ, ಕೊನೆಗೆ ಕಳಿಸಿದ ದೇಶದ ಎರಡಕ್ಷರದ ಸಂಕೇತ. ಮೊದಲ ಅಕ್ಷರದಲ್ಲೇ ಸೇವೆಯ ಜಾತಕವಿದೆ. ಆರ್ ಇದ್ದರೆ ರಿಜಿಸ್ಟರ್ಡ್. ವಿ ಇದ್ದರೆ ವಿಮೆಯ ಪತ್ರ. ಇ ಇದ್ದರೆ ಇಎಂಎಸ್ ಎಂಬ ತ್ವರಿತ ಸೇವೆ. ಸಿ ಇದ್ದರೆ ಪಾರ್ಸೆಲ್. ಎಲ್ ಇದ್ದರೆ ಟ್ರ್ಯಾಕಿಂಗ್ ಇರುವ, ಆದರೆ ರಿಜಿಸ್ಟರ್ ಆಗದ ಪತ್ರ. ಯು ಇದ್ದರೆ ಹುಷಾರು: ಆ ಬಾರ್‌ಕೋಡ್ ಇರುವುದು ಕಸ್ಟಮ್ಸ್ ಮಾಹಿತಿಗಾಗಿ, ಅದು ಟ್ರ್ಯಾಕಿಂಗ್ ಸೇವೆಯೇ ಅಲ್ಲ. "ನಂಬರ್ ಕೊಟ್ಟಿದ್ದಾರೆ" ಎಂದು ನಿಶ್ಚಿಂತೆಯಿಂದ ಕೂತವರಲ್ಲಿ ಎಷ್ಟೋ ಜನರ ಕೈಯಲ್ಲಿರುವುದು ಈ ಯು ನಂಬರ್. ರಸೀದಿ ಕೈಗೆ ಬಂದ ಕೂಡಲೇ ಮೊದಲಕ್ಷರ ನೋಡಿ. ವಿಮೆಗೆ ದುಡ್ಡು ಕಟ್ಟಿದ ಪತ್ರದ ಮೇಲೆ ಎಲ್ ಅಥವಾ ಯು ಕಂಡರೆ ಕೌಂಟರ್ ಬಿಟ್ಟು ಕದಲಬೇಡಿ.

ಬೇರೆಯವರು ಕಳಿಸಿದ ನಂಬರ್ ಸರಿಯಿದೆಯೇ ಎಂದು ನೀವೇ ಪರೀಕ್ಷಿಸಬಹುದು. ಎಂಟು ಅಂಕಿಗಳನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಿಸಿ. ಉದಾಹರಣೆಗೆ 12345678 ತೆಗೆದುಕೊಂಡರೆ 8, 12, 12, 8, 15, 30, 63, 56 ಬರುತ್ತದೆ, ಮೊತ್ತ 204. ಅದನ್ನು 11ರಿಂದ ಭಾಗಿಸಿದರೆ ಶೇಷ 6. 11ರಲ್ಲಿ 6 ಕಳೆದರೆ 5. ಒಂಬತ್ತನೆಯ ಅಂಕಿ 5 ಇರಲೇಬೇಕು. ಕಳೆದಾಗ 10 ಬಂದರೆ 0 ಎಂದೂ 11 ಬಂದರೆ 5 ಎಂದೂ ಹಿಡಿಯಬೇಕು. ಲೆಕ್ಕ ತಾಳೆಯಾಗದಿದ್ದರೆ ಯಾರೋ ಅಂಕಿ ತಪ್ಪಾಗಿ ಬರೆದಿದ್ದಾರೆ, ಇಲ್ಲವೇ ನಂಬರನ್ನೇ ಕಟ್ಟಿದ್ದಾರೆ. ದೇಶದೊಳಗಿನ ಟಪಾಲಿಗೆ, ಖಾಸಗಿ ಕೊರಿಯರ್‌ಗೆ ಬೇರೆ ಪದ್ಧತಿಗಳಿರಬಹುದಾದ್ದರಿಂದ ಅಲ್ಲಿ ಈ ಲೆಕ್ಕವನ್ನು ನೆಚ್ಚಬೇಡಿ.

## ಹಂತ 6: ಯಾರ ಕೈಗೆ ಕೊಡಬೇಕೆಂದು ತೀರ್ಮಾನಿಸಿ

ದಾರಿಯ ಕೊನೆಯ ಕೆಲವು ಗಜಗಳಲ್ಲಿ ಅಪಾಯ ಹೆಚ್ಚು. "ಸಹಿ ಬೇಕು" ಎಂದರೆ ಸಾಮಾನ್ಯವಾಗಿ ಆ ವಿಳಾಸದಲ್ಲಿ ಸಿಕ್ಕ ಯಾರದೋ ಸಹಿ. ವಿಳಾಸದಾರರಿಗೇ ಗುರುತು ನೋಡಿ ಕೊಡುವುದು ಬೇರೆ ಸೇವೆ, ಅದಕ್ಕೆ ಬೇರೆ ಶುಲ್ಕ. ಅಂಚೆ ಕಚೇರಿಯಲ್ಲೇ ಇರಿಸಿ ಬಂದು ಪಡೆಯುವ ಸೌಲಭ್ಯವಿದ್ದರೆ ಬೆಲೆಬಾಳುವ ವಸ್ತುವಿಗೆ ಅದೇ ಉತ್ತಮ. ಬಾಗಿಲ ಬಳಿ ಇಟ್ಟುಹೋಗಲು, ನೆರೆಯವರಿಗೆ ಕೊಡಲು ವಿಳಾಸದಾರರು ಮೊದಲೇ ಒಪ್ಪಿಗೆ ಕೊಟ್ಟಿದ್ದಾರೆಯೇ ಕೇಳಿ. ಎಂದೋ ಆ್ಯಪ್‌ನಲ್ಲಿ ಕೊಟ್ಟ ಒಪ್ಪಿಗೆ ಇಂದಿನ ಪೊಟ್ಟಣಕ್ಕೂ ಅನ್ವಯಿಸಿ, ಸಹಿ ಇಲ್ಲದೆ "ತಲುಪಿದೆ" ಎಂದಾಗಿಬಿಡಬಹುದು. ವಿಮೆಯವರು ಹುಡುಕುವುದೂ ಇಂಥ ಎಡೆಯನ್ನೇ.

ಸಾಲು ರಜೆಯ ಮುಂಚಿನ ದಿನ ಕಳಿಸಬೇಡಿ. ಗೋದಾಮಿನಲ್ಲಿ ಸುಮ್ಮನೆ ಬಿದ್ದಿರುವ ಪ್ರತಿ ದಿನವೂ ಅಪಾಯದ ದಿನ.

## ಹಂತ 7: ಈಗ ಕಟ್ಟಿ

ತೆಳು ಲಕೋಟೆಯಲ್ಲಿ ನಾಣ್ಯ ಅಥವಾ ಉಂಗುರ ಹಾಕುವುದು ಅತಿ ಸಾಮಾನ್ಯ ತಪ್ಪು. ಪತ್ರ ವಿಂಗಡಿಸುವ ಯಂತ್ರದಲ್ಲಿ ಲಕೋಟೆಗಳು ಪಟ್ಟಿ, ಉರುಳೆಗಳ ನಡುವೆ ವೇಗವಾಗಿ ಒತ್ತಿಸಿಕೊಂಡು ಹೋಗುತ್ತವೆ. ಗಟ್ಟಿ ವಸ್ತು ಒಳಗಿದ್ದರೆ ಉರುಳೆ ಅದನ್ನು ಹಿಂದಕ್ಕೆ ತಳ್ಳುತ್ತದೆ, ಕಾಗದವನ್ನು ಮುಂದಕ್ಕೆ ಎಳೆಯುತ್ತದೆ, ಅಂಚು ಹರಿದು ಉಂಗುರ ಯಂತ್ರದೊಳಗೆ ಉದುರುತ್ತದೆ. ಬರಿದಾದ ಲಕೋಟೆ ಮಾತ್ರ ಕ್ರಮಬದ್ಧವಾಗಿ ಎಲ್ಲ ಸ್ಕ್ಯಾನುಗಳನ್ನೂ ದಾಟಿ ಮನೆಗೆ ಬರುತ್ತದೆ. ಕಳ್ಳತನವೆಂದು ಜನ ಬಯ್ಯುವ ಎಷ್ಟೋ ಪ್ರಕರಣಗಳ ಹಿಂದೆ ಇರುವುದು ಇದು.

ಸರಿಯಾದ ಕ್ರಮ: ವಸ್ತುವನ್ನು ಮೆತ್ತನೆಯ ಸುತ್ತಿನಲ್ಲಿಟ್ಟು ಒಳಡಬ್ಬಿಗೆ. ಒಳಡಬ್ಬಿಯ ಸುತ್ತ ಎಲ್ಲ ಬದಿಗೂ ತುಂಬು ಸಾಮಗ್ರಿ ಕೊಟ್ಟು ಹೊರಡಬ್ಬಿಗೆ. ಅಲುಗಿಸಿ ಕಿವಿಗೊಡಿ. ಸದ್ದು ಬಂದರೆ ಬಿಚ್ಚಿ ಮತ್ತೆ ತುಂಬಿ, ಯಾಕೆಂದರೆ ಆ ಸದ್ದು ಒಳಗೇನಿದೆ ಎಂದು ಮುಟ್ಟಿದವರಿಗೆಲ್ಲ ಹೇಳುತ್ತದೆ. ತೀರಾ ಪುಟ್ಟ ಡಬ್ಬಿಯೂ ಬೇಡ, ಜೇಬಿಗೆ ಇಳಿಯುವ ಗಾತ್ರ ಆಸೆ ಹುಟ್ಟಿಸುತ್ತದೆ.

ಸರವನ್ನು ಕುಡಿಯುವ ಸ್ಟ್ರಾ ಒಳಗೆ ತೂರಿಸಿ ಕೊಕ್ಕೆ ಹಾಕಿದರೆ ಗಂಟಾಗುವುದಿಲ್ಲ. ನಾಣ್ಯವನ್ನು ಪಿವಿಸಿ ಚೀಲದಲ್ಲಿಡಬೇಡಿ, ಆ ಪ್ಲಾಸ್ಟಿಕ್ ಕಾಲಕ್ರಮದಲ್ಲಿ ಹಸಿರು ಜಿಡ್ಡು ಬಿಟ್ಟು ಲೋಹವನ್ನು ಕೆಡಿಸುತ್ತದೆ. ಪಾಲಿಯೆಸ್ಟರ್ ಹಾಳೆಯ ಚೀಲ ಸರಿ. ಟೇಪ್ ನೇರವಾಗಿ ನಾಣ್ಯಕ್ಕೆ ತಾಗಬಾರದು. ಮುತ್ತಿಗೆ ಲೋಹದ ಒಡವೆ ಉಜ್ಜದಂತೆ ಬೇರೆ ಸುತ್ತು ಕೊಡಿ. ಒಳಡಬ್ಬಿಯಲ್ಲಿ ಎರಡೂ ವಿಳಾಸ ಬರೆದ ಚೀಟಿ ಇರಲಿ, ಹೊರಗಿನ ಲೇಬಲ್ ಕಿತ್ತುಹೋದರೂ ಡಬ್ಬಿ ಅನಾಥವಾಗದು.

ಮುಚ್ಚುವ ಮೊದಲು ಪ್ರತಿ ಪದರದ ಫೋಟೊ ತೆಗೆಯಿರಿ. ಮುಚ್ಚಿದ ಮೇಲೆ ಜೋಡಣೆಯ ಗೆರೆಗೆ ಅಡ್ಡಲಾಗಿ ಸಹಿ ಹಾಕಿ, ಅದರ ಮೇಲೆ ಪಾರದರ್ಶಕ ಟೇಪ್ ಅಂಟಿಸಿ, ಆರೂ ಮುಖದ ಫೋಟೊ. ಕೊನೆಗೆ ತೂಗಿ ಗ್ರಾಂ ಬರೆದಿಟ್ಟುಕೊಳ್ಳಿ.

## ಹಂತ 8: ಹೊರಗೆ ಏನು ಬರೆಯಬೇಕು, ಏನು ಬರೆಯಬಾರದು

ಡಬ್ಬಿಯ ಮೇಲೆ ಚಿನ್ನ, ಜ್ಯುವೆಲರಿ, ಗಡಿಯಾರದ ಕಂಪನಿ ಹೆಸರು ಯಾವುದೂ ಬೇಡ. ಅಂಗಡಿಗೆ ಕಳಿಸುವುದಾದರೆ, ಆ ಹೆಸರಲ್ಲೇ "ಜ್ಯುವೆಲರ್ಸ್" ಎಂದಿದ್ದರೆ, ವ್ಯಕ್ತಿಯ ಹೆಸರಿಗೆ ಅಥವಾ ಸಂಕ್ಷಿಪ್ತ ಹೆಸರಿಗೆ ಕಳಿಸಬಹುದೇ ಎಂದು ಅವರನ್ನೇ ಕೇಳಿ. ವಿಮಾ ಟಪಾಲಿನಲ್ಲಿ ಘೋಷಿತ ಬೆಲೆಯನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಬೇಕಾಗುತ್ತದೆ. ತಿದ್ದಿದ್ದು, ಒರೆಸಿದ್ದು ನಡೆಯುವುದಿಲ್ಲ, ತಪ್ಪಾದರೆ ಹೊಸ ಲೇಬಲ್.

ಹೊರದೇಶಕ್ಕಾದರೆ ಕಸ್ಟಮ್ಸ್ ಘೋಷಣೆ. 300 ಎಸ್‌ಡಿಆರ್ ಬೆಲೆಯವರೆಗಿನ ಪತ್ರಗಳಿಗೆ ಸಿಎನ್ 22 ಎಂಬ ನಮೂನೆ, ಮೇಲ್ಪಟ್ಟರೆ ಸಿಎನ್ 23 ನಮೂನೆ. ವಿವರಣೆ ನಿಜವಾಗಿರಲಿ, ವರ್ಣನೆ ಬೇಡ. ಸರಕಿನ ಸಂಕೇತ ಸಂಖ್ಯೆ ಬರೆದರೆ ಅಧಿಕಾರಿಗೆ ಬೇಕಾದದ್ದು ಸಿಗುತ್ತದೆ, ದಾರಿಹೋಕರಿಗೆ ಏನೂ ತಿಳಿಯುವುದಿಲ್ಲ: ಅಮೂಲ್ಯ ಲೋಹದ ಆಭರಣ 7113, ನಕಲಿ ಆಭರಣ 7117, ಅಮೂಲ್ಯ ಲೋಹದ ಕವಚದ ಕೈಗಡಿಯಾರ 9101, ಉಳಿದ ಕೈಗಡಿಯಾರ 9102.

ಸುಂಕ ಉಳಿಸಲು "ಉಡುಗೊರೆ, ಬೆಲೆ 10" ಎಂದು ಬರೆದು, ಅದೇ ಪೊಟ್ಟಣವನ್ನು 100ಕ್ಕೆ ವಿಮೆ ಮಾಡಿಸುವವರಿದ್ದಾರೆ. ನಷ್ಟವಾದ ದಿನ ನಿಮ್ಮ ಎರಡು ಕಾಗದಗಳೇ ಒಂದಕ್ಕೊಂದು ಸಾಕ್ಷಿ ಹೇಳುತ್ತವೆ. ವಿಮೆಯೂ ಇಲ್ಲ, ಮೇಲೆ ಸುಳ್ಳು ಘೋಷಣೆಯ ಪ್ರಕರಣ ಬೇರೆ. ಮೂರೂ ಕಡೆ, ಅಂದರೆ ಬಿಲ್ಲು, ವಿಮೆ, ಕಸ್ಟಮ್ಸ್, ಒಂದೇ ಬೆಲೆ ಇರಲಿ.

## ಹಂತ 9: ಕೌಂಟರಿನಲ್ಲಿ

ಅಂಚೆ ಪೆಟ್ಟಿಗೆಗೆ ಹಾಕಬೇಡಿ, ಕೌಂಟರಿನಲ್ಲೇ ಕೊಡಿ. ನೀವು ಕೊಟ್ಟಿರಿ ಎಂಬುದಕ್ಕೆ ಪುರಾವೆ ಮುದ್ರೆ ಬಿದ್ದ ರಸೀದಿ ಮತ್ತು ಸ್ವೀಕೃತಿ ಸ್ಕ್ಯಾನ್. ಮನೆಯಲ್ಲಿ ಮುದ್ರಿಸಿದ ಲೇಬಲ್ ಬರೀ ಕಾಗದ. ಟ್ರ್ಯಾಕಿಂಗ್‌ನಲ್ಲಿ "ಮಾಹಿತಿ ಬಂದಿದೆ" ಎಂದಷ್ಟೇ ಇದ್ದು ಸ್ವೀಕರಿಸಿದ್ದು ದಾಖಲಾಗದಿದ್ದರೆ ಪೊಟ್ಟಣ ಇನ್ನೂ ನಿಮ್ಮಲ್ಲೇ ಇದೆ ಎಂದೇ ಲೆಕ್ಕ.

ರಸೀದಿಯಲ್ಲಿ ನಾಲ್ಕು ನೋಡಿ: ನಂಬರ್ ಡಬ್ಬಿಯ ಮೇಲಿನದೇ, ತೂಕ ನಿಮ್ಮ ತಕ್ಕಡಿಯದಕ್ಕೆ ಹೊಂದುತ್ತದೆಯೇ, ವಿಮೆಯ ಮೊತ್ತ ನಮೂದಾಗಿದೆಯೇ, ದಿನಾಂಕ ಓದಲು ಬರುತ್ತದೆಯೇ. ರಸೀದಿಯ ಶಾಯಿ ಬೇಗ ಮಾಸುವುದರಿಂದ ಅಲ್ಲೇ ಫೋಟೊ ತೆಗೆದುಕೊಳ್ಳಿ.

## ಹಂತ 10: ದಾರಿಯಲ್ಲಿರುವಾಗ

ವಿಳಾಸದಾರರಿಗೆ ನಂಬರ್, ತೂಕ, ಆರು ಮುಖದ ಫೋಟೊ ಕಳಿಸಿ. ಸಾಮಾಜಿಕ ಜಾಲತಾಣದಲ್ಲಿ ರಸೀದಿ ಹಾಕಬೇಡಿ.

ಗಡಿ ದಾಟುವ ಟಪಾಲು ಒಂದು ದೇಶದ ವಿನಿಮಯ ಕಚೇರಿ (ವಿದೇಶಿ ಟಪಾಲು ಹೊರಡುವ, ಬರುವ ಅಂಚೆ ಕೇಂದ್ರ) ಬಿಟ್ಟ ಮೇಲೆ ಇನ್ನೊಂದನ್ನು ತಲುಪುವವರೆಗೆ ಮೌನವಾಗಿರುವುದು ಸಹಜ, ಅದಕ್ಕೆ ಗಾಬರಿ ಬೇಡ. ಗಾಬರಿಯಾಗಬೇಕಾದ್ದು ಇವಕ್ಕೆ: ಒಂದೇ ಕೇಂದ್ರದಲ್ಲಿ ಪದೇ ಪದೇ ಒಳಗೆ ಹೊರಗೆ ಎಂದು ಸ್ಕ್ಯಾನ್ ಆಗುವುದು, ನಡುವೆ ತೂಕ ಬದಲಾದ ನಮೂದು, ಬೇರೆ ಪಿನ್‌ಕೋಡಿನಲ್ಲಿ "ತಲುಪಿದೆ" ಎಂಬ ಸಂದೇಶ. ಪ್ರತಿ ಬದಲಾವಣೆಯ ಸ್ಕ್ರೀನ್‌ಶಾಟ್ ತೆಗೆದಿಡಿ. ಹಳೆಯ ಟ್ರ್ಯಾಕಿಂಗ್ ದಾಖಲೆ ಕೆಲ ಕಾಲದ ಮೇಲೆ ಜಾಲತಾಣದಿಂದ ಮಾಯವಾಗುತ್ತದೆ.

"ವಿಳಾಸ ಅಪೂರ್ಣ, ಇಷ್ಟು ಕಟ್ಟಿ" ಎಂದು ಲಿಂಕ್ ಸಮೇತ ಬರುವ ಎಸ್‌ಎಂಎಸ್ ಮೋಸದ ಹಳೆಯ ದಾರಿ. ಲಿಂಕ್ ಒತ್ತಬೇಡಿ, ಅಂಚೆಯ ಅಧಿಕೃತ ಜಾಲತಾಣದಲ್ಲಿ ನಂಬರನ್ನು ಕೈಯಾರೆ ಟೈಪ್ ಮಾಡಿ.

## ಹಂತ 11: ತಲುಪಿದಾಗ, ತಲುಪದಿದ್ದಾಗ

ವಿಳಾಸದಾರರು ಸಹಿ ಹಾಕುವ ಮೊದಲು ಟೇಪ್, ಅಡ್ಡ ಸಹಿ, ಮೂಲೆಗಳನ್ನು ಫೋಟೊದೊಂದಿಗೆ ತಾಳೆ ನೋಡಬೇಕು. ಸಾಧ್ಯವಾದರೆ ಅಲ್ಲೇ ತೂಗಬೇಕು. ಅನುಮಾನ ಬಂದರೆ "ಹಾನಿಯಾಗಿ ಬಂದಿದೆ" ಎಂದು ಬರೆದೇ ಸಹಿ ಹಾಕಬೇಕು, ಇಲ್ಲವೇ ಸಿಬ್ಬಂದಿಯ ಎದುರಲ್ಲೇ ಬಿಚ್ಚಬೇಕು. ಆಕ್ಷೇಪವಿಲ್ಲದೆ ಪಡೆದುಕೊಂಡ ಟಪಾಲಿನ ಬಗ್ಗೆ ಅಂಚೆಯ ಹೊಣೆ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯುತ್ತದೆ. ಬಿಚ್ಚುವುದನ್ನು ತಡೆಯಿಲ್ಲದ ಒಂದೇ ವಿಡಿಯೊದಲ್ಲಿ ಹಿಡಿಯಲಿ. ಡಬ್ಬಿ, ಟೇಪ್, ಒಳತುಂಬು ಯಾವುದನ್ನೂ ಎಸೆಯಬಾರದು, ತನಿಖೆಯವರು ಮೊದಲು ಕೇಳುವುದು ಅದನ್ನೇ.

ದೂರಿಗೆ ಗಡುವುಗಳಿವೆ. ಅಂತಾರಾಷ್ಟ್ರೀಯ ಅಂಚೆಯಲ್ಲಿ ವಿಚಾರಣೆ ಕೋರಲು ಅಂಚೆಗೆ ಹಾಕಿದ ಮರುದಿನದಿಂದ ಆರು ತಿಂಗಳು. ಮಾಂಟ್ರಿಯಲ್ ಒಪ್ಪಂದದಡಿಯ ವಿಮಾನ ಸರಕಿಗೆ ಹಾನಿಯ ದೂರು ಪಡೆದ 14 ದಿನದೊಳಗೆ, ಪೊಟ್ಟಣ ತಡವಾಗಿ ಬಂದದ್ದರ ದೂರು 21 ದಿನದೊಳಗೆ. ಹೊರಗಿನ ವಿಮಾ ಪಾಲಿಸಿಗಳ ಗಡುವು ಇದಕ್ಕಿಂತ ಚಿಕ್ಕದಿರಬಹುದು, ಪಾಲಿಸಿಯಲ್ಲೇ ನೋಡಿ. "ಇನ್ನೊಂದು ವಾರ ಕಾಯಿರಿ" ಎಂದು ಕೌಂಟರಿನಲ್ಲಿ ಹೇಳಿದರೆ ಕಾಯಿರಿ, ಆದರೆ ಲಿಖಿತ ದೂರು ಕೊಟ್ಟು ಅದರ ಸ್ವೀಕೃತಿ ಪಡೆದು ಕಾಯಿರಿ.

ಅರ್ಜಿಯ ಜೊತೆ ಇಡಬೇಕಾದ್ದು: ಅಂಚೆ ರಸೀದಿ, ಬೆಲೆಯ ಆಧಾರ, ಪ್ಯಾಕಿಂಗ್ ಫೋಟೊ, ಟ್ರ್ಯಾಕಿಂಗ್ ಸ್ಕ್ರೀನ್‌ಶಾಟ್, ತನಗೆ ತಲುಪಿಲ್ಲವೆಂದು ವಿಳಾಸದಾರರು ಸಹಿ ಮಾಡಿದ ಪತ್ರ. ಪರಿಹಾರ ಕೇಳುವ ಹಕ್ಕು ಸಾಮಾನ್ಯವಾಗಿ ಕಳಿಸಿದವರದು. ವಿಳಾಸದಾರರು ಪಡೆಯಬೇಕಿದ್ದರೆ ಕಳಿಸಿದವರು ಬರೆದುಕೊಡಬೇಕು. ಮಾರಾಟದ ಲಾಭ ಹೋಯಿತು, ಮದುವೆಗೆ ತಲುಪಲಿಲ್ಲ ಎಂಬಂಥ ಪರೋಕ್ಷ ನಷ್ಟವನ್ನು ಅಂಚೆಯ ನಿಯಮ ಲೆಕ್ಕಕ್ಕೇ ಹಿಡಿಯುವುದಿಲ್ಲ, ಅದನ್ನು ಅರ್ಜಿಯಲ್ಲಿ ಬರೆದು ಜಾಗ ಕೆಡಿಸಬೇಡಿ.

ಪರಿಹಾರ ಬಂದ ಮೇಲೂ ಕಡತ ಎಸೆಯಬೇಡಿ. ಕಳೆದ ಟಪಾಲು ಆಮೇಲೆ ಸಿಗುವುದುಂಟು. ಆಗ ಅಂಚೆಯವರು ತಿಳಿಸಿದಂದಿನಿಂದ ಮೂರು ತಿಂಗಳೊಳಗೆ ಪಡೆದ ಹಣ ಮರಳಿಸಿ ವಸ್ತುವನ್ನು ಬಿಡಿಸಿಕೊಳ್ಳಬಹುದು. ಹೊರಗಿನ ವಿಮಾ ಕಂಪನಿ ಪೂರ್ತಿ ಬೆಲೆ ಕೊಟ್ಟಿದ್ದರೆ ಸಿಕ್ಕ ವಸ್ತುವಿನ ಮೇಲಿನ ಹಕ್ಕು ಸಾಮಾನ್ಯವಾಗಿ ಕಂಪನಿಗೆ ಹೋಗುತ್ತದೆ, ಅವರಿಗೆ ತಿಳಿಸದೆ ಮುಟ್ಟಬೇಡಿ.